ಪೆಡಲ್ ಸ್ಟೀಲ್ ಗಿಟಾರಿಗೆ ಮೊಣಕಾಲು ಸೇರಿದ ಬಗೆ

ಸ್ಟೀಲ್ ಗಿಟಾರಿನ ಮೂಲ ಕಷ್ಟ ಏನು ಎಂಬಲ್ಲಿಂದ ಶುರುಮಾಡೋಣ. ಅದು ತಿಳಿದರೆ ಪೆಡಲ್ ಯಾಕೆ ಬಂತು, ಪೆಡಲ್ ಬಂದಮೇಲೂ ಮೊಣಕಾಲಿನ ಲಿವರ್ ಯಾಕೆ ಬೇಕಾಯಿತು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಎಡಗೈಯಲ್ಲಿ ಉಕ್ಕಿನ ಒಂದು ಬಾರ್. ಇವತ್ತಿನ ಪೆಡಲ್ ಸ್ಟೀಲ್‌ನವರು ಬಳಸುವುದು 7/8 ಇಂಚು ದಪ್ಪದ್ದು, ಇನ್ನೂರು ಗ್ರಾಂ ಆಚೀಚೆ ತೂಗುತ್ತದೆ. ಅದನ್ನು ತಂತಿಗಳ ಮೇಲೆ ಅಡ್ಡಲಾಗಿ ಇಟ್ಟು ಜಾರಿಸುವುದು. ನಮ್ಮ ಗೋಟುವಾದ್ಯ ಕೇಳಿದವರಿಗೆ ಈ ಜಾರುವಿಕೆಯ ಸೊಗಸನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಗೋಟುವಾದ್ಯದಲ್ಲಿ ರಾಗ ಒಂದು ಎಳೆಯಾಗಿ ಹರಿಯುತ್ತದೆ. ಹವಾಯಿಯಿಂದ ಅಮೆರಿಕಕ್ಕೆ ಬಂದ ಸ್ಟೀಲ್ ಗಿಟಾರಿಗೆ ಮೂರು ನಾಲ್ಕು ಸ್ವರ ಒಟ್ಟಿಗೆ ಕೂಡಿದ ಕಾರ್ಡ್‌ಗಳು ಬೇಕಿತ್ತು. ಬಾರ್ ನೆಟ್ಟಗಿರುತ್ತದೆ, ಅದನ್ನು ಎಲ್ಲಿ ಇಟ್ಟರೂ ತಂತಿಗಳ ನಡುವಿನ ಅಂತರ ಬದಲಾಗುವುದಿಲ್ಲ. ಖಾಲಿ ತಂತಿಗಳಲ್ಲಿ ಸ-ಗ-ಪ ಇದ್ದರೆ ಐದನೇ ಫ್ರೆಟ್ಟಿನಲ್ಲೂ (ತಂತಿಯಡಿಯಲ್ಲಿ ಅರ್ಧ ಅರ್ಧ ಸ್ವರಕ್ಕೆ ಎಳೆದ ಗುರುತು) ಸ-ಗ-ಪ, ಹನ್ನೆರಡರಲ್ಲೂ ಸ-ಗ-ಪ. ಬಾರನ್ನು ಓರೆ ಮಾಡಿ ಒಂದೆರಡು ಬೇರೆ ಕಾರ್ಡ್ ಹೊರಡಿಸಬಹುದು, ಆದರೆ ಓರೆ ಹಿಡಿದಾಗ ಶ್ರುತಿ ಕೂಡಿಸುವುದು ಬಲು ಕಷ್ಟ, ಮೂರು ತಂತಿಗಿಂತ ಹೆಚ್ಚಿಗೆ ಅದು ನಡೆಯುವುದೂ ಇಲ್ಲ.

ಇದಕ್ಕೆ ಆಗಿನವರು ಕಂಡುಕೊಂಡ ಉಪಾಯ, ಒಂದೇ ಮೇಜಿನ ಮೇಲೆ ಎರಡು, ಮೂರು, ನಾಲ್ಕು ನೆಕ್, ಅಂದರೆ ತಂತಿಗಳ ಸಾಲು ಕೂತ ಹಲಗೆ, ಜೋಡಿಸುವುದು. ಒಂದೊಂದು ನೆಕ್‌ಗೆ ಒಂದೊಂದು ಶ್ರುತಿ. ಹಾಡಿನ ಮಧ್ಯೆ ಕೈ ಒಂದರಿಂದ ಇನ್ನೊಂದಕ್ಕೆ ಹಾರಬೇಕು. ತೂಕ, ಬೆಲೆ, ತಂತಿಗಳ ಲೆಕ್ಕ ಎಲ್ಲ ಏರುತ್ತಾ ಹೋಯಿತು.

ಕಾಲಿನಿಂದ ಒತ್ತಿ ತಂತಿಯ ಸ್ವರ ಬದಲಿಸುವ ಪೆಡಲ್ ಹುಟ್ಟಿದ್ದು ಈ ನೆಕ್‌ಗಳ ಸಂತೆಯನ್ನು ತಪ್ಪಿಸಲು. ಈ ಉದ್ದೇಶವನ್ನು ನೆನಪಿಟ್ಟುಕೊಳ್ಳಿ. ಈಗ ಪೆಡಲ್ ಸ್ಟೀಲ್ ಎಂದೊಡನೆ ಕಿವಿಯಲ್ಲಿ ಮೂಡುವ ಅಳುವಂಥ ನಾದ ಆರಂಭದಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಗಿಬ್ಸನ್ ಕಂಪನಿ ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಎಲೆಕ್ಟ್ರಾಹಾರ್ಪ್ ಎಂಬ ವಾದ್ಯ ತಂದಿತು. ವಿನ್ಯಾಸ ಜಾನ್ ಮೂರ್ ಎಂಬವರದು. ಪೆಡಲ್‌ಗಳೆಲ್ಲ ವಾದ್ಯದ ಹಿಂದಿನ ಎಡಗಾಲಿನ ಬುಡದಲ್ಲಿ ಬೀಸಣಿಗೆಯಂತೆ ಹರಡಿಕೊಂಡಿದ್ದವು. ಹೆಸರಿನಲ್ಲಿರುವ ಹಾರ್ಪ್ ಸುಮ್ಮನೆ ಸೇರಿಕೊಂಡದ್ದಲ್ಲ. ಪಾಶ್ಚಾತ್ಯ ಹಾರ್ಪ್‌ನಲ್ಲಿ ಪೆಡಲ್ ಒತ್ತಿ ತಂತಿಯ ಸ್ವರ ಬದಲಿಸುವ ಪದ್ಧತಿ ಹಳೆಯದು. ಅದೇ ಕಾಲಕ್ಕೆ ಇಂಡಿಯಾನಾಪೊಲಿಸ್‌ನ ಹಾರ್ಲಿನ್ ಸಹೋದರರು ಮಲ್ಟಿಕಾರ್ಡ್ ಎಂಬ ಪೆಡಲ್ ವಾದ್ಯವನ್ನು ರೂಪಿಸಿದರು. ಯುದ್ಧ ಬಂತು, ಲೋಹಕ್ಕೆ ಬರ ಬಂತು, ಎಲೆಕ್ಟ್ರಾಹಾರ್ಪ್‌ನಲ್ಲಿ ಕೆಲವಷ್ಟೇ ಹೊರಬಿದ್ದವು.

ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಪಾಲ್ ಬಿಗ್ಸ್‌ಬಿ ಕೈಯಿಂದ ಮಾಡಿದ ವಾದ್ಯಗಳು ಬಂದವು. 1948ರಲ್ಲಿ ವಾದಕ ಸ್ಪೀಡಿ ವೆಸ್ಟ್‌ಗೆ ಅವರು ಮಾಡಿಕೊಟ್ಟದ್ದು ಮೂರು ನೆಕ್ಕಿನ ಪೆಡಲ್ ಸ್ಟೀಲ್. ಬಿಗ್ಸ್‌ಬಿ ಪೆಡಲ್‌ಗಳನ್ನು ಮುಂದಿನ ಎರಡು ಕಾಲುಗಳ ನಡುವೆ ಒಂದು ಅಡ್ಡಪಟ್ಟಿಯ ಮೇಲೆ ಸಾಲಾಗಿ ಜೋಡಿಸಿದರು. ಇವತ್ತಿಗೂ ಪೆಡಲ್ ಇರುವುದು ಅಲ್ಲೇ. ಚಿಕ್ಕ ಬದಲಾವಣೆ ಅನಿಸಬಹುದು, ಆದರೆ ಪೆಡಲ್ ಮುಂದಕ್ಕೆ ಬಂದ ಮೇಲೆಯೇ ನುಡಿಸುವವರು ನೆಟ್ಟಗೆ ಕೂತು, ಎರಡೂ ಮೊಣಕಾಲುಗಳನ್ನು ವಾದ್ಯದ ಅಡಿಗೆ ಸೇರಿಸುವಂತಾದದ್ದು. ಮುಂದಿನ ಕತೆಗೆ ಜಾಗ ಸಿದ್ಧವಾದದ್ದು ಅಲ್ಲಿ.

ಈಗ 1953ರ ಕೊನೆಗೆ ಬನ್ನಿ. ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಹಾಡಿನ ಧ್ವನಿಮುದ್ರಣದಲ್ಲಿ ಬಡ್ ಐಸಾಕ್ಸ್ ಬಿಗ್ಸ್‌ಬಿ ವಾದ್ಯ ನುಡಿಸಿದರು. ಅಲ್ಲಿಯವರೆಗೆ ಪೆಡಲ್ ಒತ್ತುತ್ತಿದ್ದುದು ಹೆಚ್ಚಾಗಿ ಒಂದು ಕಾರ್ಡ್‌ಗೂ ಇನ್ನೊಂದಕ್ಕೂ ನಡುವೆ, ಸದ್ದಿಲ್ಲದಿರುವಾಗ. ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ಸ್ವರ ಅಲ್ಲಾಡದೆ ನಿಂತಿದೆ, ಪಕ್ಕದ ಎರಡು ಸ್ವರ ಮೇಲಕ್ಕೆ ಏರುತ್ತಿವೆ. ಬಾರ್ ಜಾರಿಸಿ ಇದನ್ನು ಮಾಡಲು ಬರುವುದೇ ಇಲ್ಲ, ಯಾಕೆಂದರೆ ಬಾರ್ ಜಾರಿದರೆ ಎಲ್ಲವೂ ಜಾರುತ್ತವೆ. 1954ರಲ್ಲಿ ಆ ಹಾಡು ಅಮೆರಿಕದ ಕಂಟ್ರಿ ಸಂಗೀತದ ಜನಪ್ರಿಯತೆಯ ಪಟ್ಟಿಯಲ್ಲಿ 17 ವಾರ ಮೊದಲ ಸ್ಥಾನದಲ್ಲಿತ್ತು. ಆಮೇಲೆ ಪೆಡಲ್ ಇಲ್ಲದ ಸ್ಟೀಲ್ ವಾದಕರಿಗೆ ಕೆಲಸ ಸಿಗುವುದು ಕಷ್ಟವಾಯಿತು.

ಆ ಬದಲಾವಣೆಯನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ಸುಲಭ. ಪಾಶ್ಚಾತ್ಯರ ಇ ಸ್ವರವನ್ನು ಷಡ್ಜ ಎಂದಿಟ್ಟುಕೊಳ್ಳಿ. ತಂತಿಗಳಲ್ಲಿ ಸ, ಗ, ಪ ಇವೆ. ಪೆಡಲ್ ಒತ್ತಿದರೆ ಅಂತರ ಗಾಂಧಾರ ಶುದ್ಧ ಮಧ್ಯಮವಾಗುತ್ತದೆ, ಪಂಚಮ ಚತುಶ್ರುತಿ ಧೈವತವಾಗುತ್ತದೆ, ಸ ಹಾಗೇ ಉಳಿಯುತ್ತದೆ. ಸ-ಗ-ಪ ಇದ್ದದ್ದು ಸ-ಮ-ಧ ಆಯಿತು. ಅಂದರೆ ಮಧ್ಯಮವನ್ನು ಆಧಾರ ಮಾಡಿಕೊಂಡ ಹೊಸ ಕಾರ್ಡ್. ಐಸಾಕ್ಸ್‌ಗೆ ಎರಡೂ ಬದಲಾವಣೆ ಒಂದೇ ಪೆಡಲ್ಲಿನಲ್ಲಿ ಬರುತ್ತಿತ್ತು. ಬಡ್ಡಿ ಎಮನ್ಸ್ ಎಂಬ ವಾದಕ ಅದನ್ನು ಒಡೆದು ಎರಡು ಪೆಡಲ್‌ಗೆ ಹಂಚಿದರು. ಪ-ದಿಂದ ಧ-ಗೆ ಹೋಗುವುದು ಎ ಪೆಡಲ್, ಗ-ದಿಂದ ಮ-ಗೆ ಹೋಗುವುದು ಬಿ ಪೆಡಲ್. ಎ ಒಂದನ್ನೇ ಒತ್ತಿದರೆ ಸ-ಗ-ಧ, ಅದು ಮೈನರ್ ಕಾರ್ಡ್, ಅಂದರೆ ಧ-ವನ್ನು ಷಡ್ಜ ಮಾಡಿಕೊಂಡರೆ ಸಾಧಾರಣ ಗಾಂಧಾರವಿರುವ ಸ-ಗ-ಪ. ಒಡೆದದ್ದರಿಂದ ಒಂದು ಹೊಸ ಕಾರ್ಡ್ ಹೆಚ್ಚಾಯಿತು, ಬೇಕಾದ್ದನ್ನು ಮೊದಲು ಬೇಕಾದ್ದನ್ನು ಆಮೇಲೆ ಒತ್ತುವ ಸ್ವಾತಂತ್ರ್ಯವೂ ಬಂತು. ಎ, ಬಿ, ಸಿ ಎಂದು ಎಡದಿಂದ ಬಲಕ್ಕೆ ಇಡುವುದು ಎಮನ್ಸ್ ಪದ್ಧತಿ. ಇನ್ನೊಬ್ಬ ವಾದಕ ಜಿಮ್ಮಿ ಡೇ ಇಟ್ಟದ್ದು ಇದರ ತಿರುಗುಮುರುಗು, ಅದಕ್ಕೆ ಡೇ ಪದ್ಧತಿ ಎನ್ನುತ್ತಾರೆ.

ಇಷ್ಟೆಲ್ಲ ಆದರೂ ಒಂದು ದೊಡ್ಡ ತೂತು ಉಳಿದಿತ್ತು. ಜಿ ಮೇಜರ್ ಕಾರ್ಡ್, ಅಂದರೆ ಜಿ-ಯನ್ನು ಷಡ್ಜ ಮಾಡಿಕೊಂಡ ಸ-ಗ-ಪ, ಬೇಕು ಅನ್ನಿ. ಪೆಡಲ್ ಒತ್ತದೆ ಮೂರನೇ ಫ್ರೆಟ್ಟಿನಲ್ಲಿ ಸಿಗುತ್ತದೆ. ಎ, ಬಿ ಎರಡೂ ಒತ್ತಿದರೆ ಹತ್ತನೇ ಫ್ರೆಟ್ಟಿನಲ್ಲಿ ಸಿಗುತ್ತದೆ. ನಡುವೆ ಏಳು ಫ್ರೆಟ್ಟಿನ ಅಂತರ. ವೇಗದ ಹಾಡಿನಲ್ಲಿ ಏಳು ಫ್ರೆಟ್ ಹಾರಿ ಶ್ರುತಿಗೆ ಸರಿಯಾಗಿ ಬಾರ್ ನಿಲ್ಲಿಸುವುದೆಂದರೆ ಕೈಗೂ ಕಣ್ಣಿಗೂ ಶಿಕ್ಷೆ.

ಇನ್ನಷ್ಟು ಪೆಡಲ್ ಹಾಕಿದರಾಗದೇ ಅನ್ನಬಹುದು ನೀವು. ಪೆಡಲ್ ಹಾಕಬಹುದು, ಒತ್ತುವವರು ಯಾರು? ಬಲಗಾಲು ವಾಲ್ಯೂಮ್ ಪೆಡಲ್ ಮೇಲಿದೆ, ಅದು ಅಲ್ಲಿಂದ ಏಳುವ ಹಾಗಿಲ್ಲ. ಸ್ವರದ ಆರಂಭವನ್ನು ಮೆತ್ತಗೆ ಮಾಡುವುದು, ಆರುತ್ತಿರುವ ನಾದವನ್ನು ಎತ್ತಿ ಹಿಡಿಯುವುದು ಎಲ್ಲ ಅದರ ಪಾಲು. ಎಡಗಾಲಿನ ಪಾದದ ಅಗಲಕ್ಕೆ ಸಿಗುವುದು ಅಕ್ಕಪಕ್ಕದ ಎರಡು ಪೆಡಲ್. ಎ ಮತ್ತು ನಾಲ್ಕನೆಯದನ್ನು ಒಟ್ಟಿಗೆ ಒತ್ತಲು ಆಗುವುದಿಲ್ಲ. ಹಾಗಾಗಿ ಕೆಲಸವಿಲ್ಲದೆ ಉಳಿದದ್ದು ಎರಡು ಮೊಣಕಾಲು ಮಾತ್ರ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಸಂಗೀತದಲ್ಲಿ ಮೊಣಕಾಲಿಗೆ ಕೆಲಸ ಕೊಟ್ಟವರಲ್ಲಿ ಸ್ಟೀಲ್‌ನವರು ಮೊದಲಿಗರಲ್ಲ. ಹದಿನೆಂಟನೇ ಶತಮಾನದ ಪಿಯಾನೋಗಳಲ್ಲಿ ತಂತಿಯ ಮೇಲೆ ಕೂತು ನಾದ ನಿಲ್ಲಿಸುವ ಡ್ಯಾಂಪರ್ ಎತ್ತಲು ಮೊಣಕಾಲಿನ ಲಿವರ್ ಇರುತ್ತಿತ್ತು. 1777ರಲ್ಲಿ ಮೊಜಾರ್ಟ್ ಆಗ್ಸ್‌ಬರ್ಗ್‌ನ ಸ್ಟೈನ್ ಮಾಡಿದ ಪಿಯಾನೋಗಳ ಈ ಲಿವರನ್ನು ಹೊಗಳಿ ತಂದೆಗೆ ಪತ್ರ ಬರೆದಿದ್ದಾರೆ. ಪಿಯಾನೋದಲ್ಲಿ ಆಮೇಲೆ ಆ ಕೆಲಸ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಸ್ಟೀಲ್ ಗಿಟಾರಿನಲ್ಲಿ ಪಾದದಿಂದ ಮೊಣಕಾಲಿಗೆ ಹತ್ತಿತು. ಇರಲಿ.

ಸ್ಟೀಲ್‌ಗೆ ಮೊಣಕಾಲಿನ ಲಿವರ್ ತಂದ ಹಿರಿಮೆಯನ್ನು ಸಾಮಾನ್ಯವಾಗಿ ಝೇನ್ ಬೆಕ್ ಅವರಿಗೆ ಕೊಡುತ್ತಾರೆ. ಅದು 1950ರ ದಶಕದ ಮೊದಲ ಭಾಗ. ಮುಂದೆ ತಮ್ಮ ಹೆಸರಿನ ಎರಡಕ್ಷರದಲ್ಲೇ ಝಡ್‌ಬಿ ಎಂಬ ವಾದ್ಯಗಳನ್ನೂ ಅವರು ಮಾಡಿದರು. ಲಿವರ್ ನೋಡಲು ಏನೂ ವಿಶೇಷವಿಲ್ಲ. ವಾದ್ಯದ ಅಡಿಯಲ್ಲಿ ಒಂದು ಬ್ರ್ಯಾಕೆಟ್, ಅದರಿಂದ ಕೆಳಕ್ಕೆ ಇಳಿಬಿದ್ದ ಚಪ್ಪಟೆ ಲೋಹದ ತೋಳು. ಮೊಣಕಾಲು ಪಕ್ಕಕ್ಕೆ ಒತ್ತಿದರೆ ತೋಳು ತಿರುಗುತ್ತದೆ, ಅದರೊಂದಿಗೆ ಅಡಿಯಲ್ಲಿ ಅಡ್ಡ ಹಾಯ್ದ ಶಾಫ್ಟ್ ತಿರುಗುತ್ತದೆ, ಶಾಫ್ಟ್ ಮೇಲಿನ ಬೆಲ್‌ಕ್ರ್ಯಾಂಕ್ ಒಂದು ತೆಳ್ಳಗಿನ ರಾಡನ್ನು ಎಳೆಯುತ್ತದೆ, ರಾಡ್ ಬಲತುದಿಯ ಚೇಂಜರಿನಲ್ಲಿ, ಅಂದರೆ ತಂತಿಗಳ ಬಿಗಿ ಬದಲಿಸುವ ಭಾಗದಲ್ಲಿ, ಆ ತಂತಿ ಹಾಯ್ದ ಫಿಂಗರ್ ಎಂಬ ಲೋಹದ ತುಂಡನ್ನು ತಿರುಗಿಸುತ್ತದೆ. ಪೆಡಲ್ಲಿನದೂ ಇದೇ ಸರಪಣಿ. ಒಂದೊಂದು ಮೊಣಕಾಲಿಗೆ ಎಡಕ್ಕೊಂದು ಬಲಕ್ಕೊಂದು, ಹೀಗೆ ನಾಲ್ಕು ಲಿವರ್. ಎಡಮೊಣಕಾಲು ಮೇಲಕ್ಕೆತ್ತಿ ಒತ್ತುವ ಐದನೆಯದೂ ಹಲವು ವಾದ್ಯಗಳಲ್ಲಿರುತ್ತದೆ.

ಹಾಗಾದರೆ 1950ರ ದಶಕದಲ್ಲೇ ಬಂದ ಲಿವರ್ ಎಲ್ಲ ವಾದ್ಯಗಳಲ್ಲೂ ನೆಲೆಯಾಗಲು ಅಷ್ಟು ವರ್ಷ ಯಾಕೆ ಹಿಡಿಯಿತು? ವಾದಕರ ಹಟ ಎಂದು ಕೆಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಕಾರಣ ಇರುವುದು ಚೇಂಜರಿನಲ್ಲಿ. ನಾಲ್ಕನೇ ತಂತಿ, ಅಂದರೆ ಇ, ಅದನ್ನೇ ನೋಡಿ. ಸಿ ಪೆಡಲ್ ಅದನ್ನು ಒಂದು ಪೂರ್ಣ ಸ್ವರ ಏರಿಸಿ ಎಫ್ ಶಾರ್ಪ್ ಮಾಡಬೇಕು. ಒಂದು ಲಿವರ್ ಅರ್ಧ ಸ್ವರ ಮಾತ್ರ ಏರಿಸಿ ಎಫ್ ಮಾಡಬೇಕು. ಇನ್ನೊಂದು ಲಿವರ್ ಅರ್ಧ ಸ್ವರ ಇಳಿಸಬೇಕು. ಒಂದೇ ತಂತಿಗೆ ಎರಡು ಅಳತೆಯ ಏರಿಕೆ, ಒಂದು ಇಳಿಕೆ, ಬಿಟ್ಟಾಗ ಮೂರೂ ಕಡೆಯಿಂದ ಕೂದಲೆಳೆಯಷ್ಟೂ ತಪ್ಪದೆ ಅದೇ ಇ-ಗೆ ಮರಳಬೇಕು.

1950ರ ದಶಕದ ಕೊನೆಯಲ್ಲಿ ಬಂದ ಫೆಂಡರ್ 1000 ವಾದ್ಯವನ್ನು ತೆಗೆದುಕೊಳ್ಳಿ. ಎಂಟೆಂಟು ತಂತಿಯ ಎರಡು ನೆಕ್, ಎಂಟು ಪೆಡಲ್. ರಾಡ್ ಬದಲು ಸೈಕಲ್ ಬ್ರೇಕಿನ ಹಾಗೆ ಕೇಬಲ್, ಅವು ತಿರುಗಲು ಪುಟ್ಟ ರಾಟೆಗಳು. ಯಾವ ಪೆಡಲ್ ಯಾವ ತಂತಿಗೆ ಎಂಬುದನ್ನು ಕೊಕ್ಕೆ ಬದಲಿಸಿ ನಾವೇ ಮಾರ್ಪಡಿಸಬಹುದು, ಅದು ಅದರ ಹೆಚ್ಚುಗಾರಿಕೆ. ಆದರೆ ಏರಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ತಡೆ ಇರುವುದು ಚೇಂಜರಿನಲ್ಲೇ. ಹಾಗಾಗಿ ಒಂದು ತಂತಿಗೆ ಒಂದು ಅಳತೆಯ ಏರಿಕೆ, ಒಂದು ಅಳತೆಯ ಇಳಿಕೆ, ಅಷ್ಟೇ. ಇಂಥ ವಾದ್ಯಕ್ಕೆ ಲಿವರ್ ಜೋಡಿಸಿದವರಿದ್ದಾರೆ, ಜೋಡಿಸಲು ಕಷ್ಟವೂ ಇಲ್ಲ. ಆದರೆ ಇ ತಂತಿಗೆ ಅರ್ಧವೂ ಬೇಕು ಪೂರ್ಣವೂ ಬೇಕು ಅಂದರೆ ಅದು ಕೈಚೆಲ್ಲುತ್ತದೆ. ನ್ಯಾಶ್‌ವಿಲ್‌ನಲ್ಲಿ ಶಾಟ್ ಜಾಕ್ಸನ್, ಬಡ್ಡಿ ಎಮನ್ಸ್ ಇಬ್ಬರೂ ಸೇರಿ ತೆಗೆದ ಶೋ-ಬಡ್‌ನ ಆರಂಭದ ವಾದ್ಯಕ್ಕೆ ಪರ್ಮನೆಂಟ್ ಎಂಬ ಹೆಸರೇ ಬಿತ್ತು: ಪೆಡಲ್ ಜೋಡಣೆ ಕಾರ್ಖಾನೆಯಲ್ಲಿ ಹೇಗೆ ಕೂತಿತೋ ಹಾಗೆ.

ಎಮನ್ಸ್ 1960ರ ದಶಕದಲ್ಲಿ ತಮ್ಮದೇ ಕಂಪನಿ ಮಾಡಿದಾಗ ಪುಶ್-ಪುಲ್ ಚೇಂಜರ್ ಬಂತು. ಅದರಲ್ಲಿ ಏರಿಸಲು ರಾಡ್ ಎಳೆಯುತ್ತದೆ, ಇಳಿಸಲು ತಳ್ಳುತ್ತದೆ. ಏನೂ ಒತ್ತದಿರುವಾಗ ಫಿಂಗರ್ ವಾದ್ಯದ ಮೈಗೆ ಗಟ್ಟಿಯಾಗಿ ಒರಗಿ ನಿಂತಿರುತ್ತದೆ. ಆ ನಾದಕ್ಕೆ ಮನಸೋತವರು ಈಗಲೂ ಹಳೆಯ ಪುಶ್-ಪುಲ್ ಹುಡುಕಿಕೊಂಡು ಹೋಗುತ್ತಾರೆ; ಹೊಂದಿಸಲು ಮಾತ್ರ ತಾಳ್ಮೆ ಬೇಕು. ಆಮೇಲೆ ಎಲ್ಲೆಡೆ ಹರಡಿದ್ದು ಆಲ್-ಪುಲ್: ಏರಿಕೆಗೂ ಇಳಿಕೆಗೂ ಎಳೆಯುವುದೇ. ಒಂದೊಂದು ಬದಲಾವಣೆಗೆ ಪ್ರತ್ಯೇಕ ರಾಡ್, ಪ್ರತಿ ರಾಡಿನ ತುದಿಗೆ ಒಂದು ನೈಲಾನ್ ನಟ್, ಅದನ್ನು ತಿರುಗಿಸಲು 3/16 ಇಂಚಿನ ಷಟ್ಕೋನ ಕೀಲಿ. ನಾಲ್ಕನೇ ತಂತಿಗೆ ಮೂರು ನಟ್, ಮೂರು ಸ್ವರ, ಒಂದಕ್ಕೊಂದು ಸಂಬಂಧವಿಲ್ಲ. ಇಷ್ಟಾದ ಮೇಲೆ ಮೂರು ಪೆಡಲ್, ನಾಲ್ಕು ಲಿವರ್ ಎಂಬುದು ಇ9 ಎಂಬ ಶ್ರುತಿಯ ಹತ್ತು ತಂತಿಯ ನೆಕ್‌ಗೆ ರೂಢಿಯ ಲೆಕ್ಕವಾಯಿತು.

ಈಗ ಆ ತೂತು ಹೇಗೆ ಮುಚ್ಚಿತು ನೋಡಿ. ಇ-ಯನ್ನು ಎಫ್ ಮಾಡುವ ಲಿವರ್, ವಾದಕರು ಅದನ್ನು ಎಫ್ ಲಿವರ್ ಎಂದೇ ಕರೆಯುತ್ತಾರೆ. ನಾಲ್ಕು ಮತ್ತು ಎಂಟನೇ ತಂತಿ ಎರಡೂ ಇ, ಲಿವರ್ ಎರಡನ್ನೂ ಏರಿಸುತ್ತದೆ. ಸ್ವರಗಳಲ್ಲಿ ಹೇಳುವುದಾದರೆ ಸ ಹೋಗಿ ಶುದ್ಧ ರಿಷಭವಾಯಿತು. ಅದರೊಂದಿಗೆ ಎ ಪೆಡಲ್ ಒತ್ತಿ, ಪ ಹೋಗಿ ಧ ಆಯಿತು. ಕೈಯಲ್ಲಿರುವುದು ರಿ, ಗ, ಧ. ಧೈವತವನ್ನು ಷಡ್ಜ ಮಾಡಿಕೊಂಡು ಕೇಳಿ: ಧ-ದಿಂದ ರಿ ಅಂತರ ಗಾಂಧಾರದ ದೂರ, ಗ ಪಂಚಮದ ದೂರ. ಪೂರ್ತಿ ಮೇಜರ್ ಕಾರ್ಡ್. ನಮ್ಮ ಜಿ ಮೇಜರ್ ಈಗ ಆರನೇ ಫ್ರೆಟ್ಟಿನಲ್ಲೂ ಇದೆ. ಮೂರು, ಆರು, ಹತ್ತು. ಏಳು ಫ್ರೆಟ್ಟಿನ ಹಾರು ಮೂರು ಮತ್ತು ನಾಲ್ಕಾಗಿ ಒಡೆಯಿತು.

ಇಲ್ಲಿ ಎ ಪೆಡಲ್ ಮತ್ತು ಲಿವರ್ ಒಟ್ಟಿಗೆ ಬೇಕು ಎಂಬುದನ್ನು ಗಮನಿಸಿ. ಎಮನ್ಸ್ ಪದ್ಧತಿಯಲ್ಲಿ ಎ ಪೆಡಲ್ ಎಡತುದಿಯಲ್ಲಿದೆ. ಬಿ-ಯನ್ನು ಬಿಟ್ಟು ಎ ಒಂದನ್ನೇ ಒತ್ತಲು ಪಾದ ಎಡಕ್ಕೆ ವಾಲುತ್ತದೆ, ಪಾದ ವಾಲಿದರೆ ಮೊಣಕಾಲೂ ಎಡಕ್ಕೆ ಹೋಗುತ್ತದೆ. ಎಫ್ ಲಿವರನ್ನು ಎಡಮೊಣಕಾಲಿನ ಎಡಗಡೆ ಇಟ್ಟರೆ ಎರಡೂ ಒಂದೇ ಚಲನೆ. ಡೇ ಪದ್ಧತಿಯವರಿಗೆ ಎ ಬಲಕ್ಕಿದೆ, ಅವರು ಎಫ್ ಲಿವರನ್ನು ಬಲಗಡೆಗೆ ಇಡುತ್ತಾರೆ. ಯಾರದೋ ಚಿತ್ರ ನೋಡಿ ಪೆಡಲ್ ಒಂದು ಪದ್ಧತಿಯದು, ಲಿವರ್ ಇನ್ನೊಂದರದು ಎಂದು ಜೋಡಿಸಿದರೆ ಪಾದ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ ತಿರುಚಬೇಕಾಗುತ್ತದೆ. ಹೊಸಬರಲ್ಲಿ ಕಾಲುನೋವಿಗೆ ಇದೊಂದು ಕಾರಣ. ಲಿವರ್ ಎಲ್ಲಿ ಇಳಿಬಿದ್ದಿದೆ ಎಂಬುದೂ ಅಷ್ಟೇ ಮುಖ್ಯ: ಪಾದ ಎ-ಬಿ ಮೇಲೆ ಆರಾಮವಾಗಿದ್ದಾಗ ಮೊಣಕಾಲಿನ ಎರಡು ಬದಿಗೂ ಬೆರಳು ಹೋಗುವಷ್ಟು ಜಾಗ ಇದ್ದರೆ ಸಾಕು. ಹೆಚ್ಚಾದರೆ ಲಿವರ್ ತಲಪುವಷ್ಟರಲ್ಲಿ ಸಮಯ ತಪ್ಪುತ್ತದೆ, ಕಮ್ಮಿಯಾದರೆ ಪೆಡಲ್ ಒತ್ತಿದಾಗ ತಿಳಿಯದೆ ಲಿವರ್ ಅಲುಗುತ್ತದೆ.

ಎರಡನೇ ಲಿವರ್ ಇ-ಯನ್ನು ಅರ್ಧ ಸ್ವರ ಇಳಿಸುತ್ತದೆ; ಸ ಹೋಗಿ ಕಾಕಲಿ ನಿಷಾದ. ನಿ-ಗ-ಪ ಕೂಡಿದರೆ ಗಾಂಧಾರವನ್ನು ಆಧಾರ ಮಾಡಿಕೊಂಡ ಮೈನರ್ ಕಾರ್ಡ್. ಬಲಮೊಣಕಾಲಿನ ಒಂದು ಲಿವರ್ ಎರಡನೇ ತಂತಿಯನ್ನು ಡಿ ಶಾರ್ಪ್‌ನಿಂದ ಡಿ-ಗೆ, ಇನ್ನೂ ಒತ್ತಿದರೆ ಸಿ ಶಾರ್ಪ್‌ಗೆ ಇಳಿಸುತ್ತದೆ. ಈ ಎರಡನೇ ತಂತಿ, ಮೊದಲನೆಯ ಎಫ್ ಶಾರ್ಪ್, ಇವೆರಡನ್ನೂ 1960ರ ದಶಕದ ಆರಂಭದಲ್ಲಿ ಸೇರಿಸಿದ್ದು ಎಮನ್ಸ್ ಅವರೇ. ಈ ಲಿವರಿನಲ್ಲಿ ಮಧ್ಯದ ಡಿ ಎಲ್ಲಿದೆ ಎಂದು ಮೊಣಕಾಲಿಗೆ ತಿಳಿಯುವುದು ಹೇಗೆ? ಅದೇ ಲಿವರ್ ಒಂಬತ್ತನೇ ತಂತಿಯನ್ನೂ ಡಿ-ಯಿಂದ ಸಿ ಶಾರ್ಪ್‌ಗೆ ಇಳಿಸುತ್ತದೆ. ಎರಡನೇ ತಂತಿ ಡಿ ಮುಟ್ಟಿದ ಕ್ಷಣಕ್ಕೇ ಒಂಬತ್ತನೆಯದು ಹೊರಡುವಂತೆ ಹೊಂದಿಸಿದರೆ ಅಲ್ಲಿಂದ ಲಿವರ್ ಗಟ್ಟಿ ಅನಿಸುತ್ತದೆ. ಆ ಗಟ್ಟಿತನವೇ ಗುರುತು. ಅದು ಮಸುಕಾಗಿದ್ದರೆ ಹೆಚ್ಚುವರಿ ಸ್ಪ್ರಿಂಗ್ ಇಟ್ಟು ಸ್ಪಷ್ಟ ಮಾಡಿಕೊಳ್ಳುತ್ತಾರೆ.

ಇನ್ನು ಏನೇನು ಕೆಡುತ್ತದೆ ಎಂಬುದು. ಮೊದಲನೆಯದು ಇಳಿಕೆಯ ರಿಟರ್ನ್ ಸ್ಪ್ರಿಂಗ್. ಇಳಿಸುವ ತೋಳನ್ನು ಅದರ ತಡೆಗೆ ಒತ್ತಿ ಹಿಡಿಯುವುದು ಈ ಸ್ಪ್ರಿಂಗ್. ಅದು ಸಡಿಲವಾದರೆ ತೊಂದರೆ ಕಾಣುವುದು ಇಳಿಸುವಾಗಲ್ಲ, ಏರಿಸುವಾಗ! ಏರಿಸಿದಾಗ ತಂತಿಯ ಬಿಗಿ ಹೆಚ್ಚುತ್ತದೆ, ಆ ಬಿಗಿಗೆ ಇಳಿಕೆಯ ತೋಳು ತಡೆಯಿಂದ ಕದಲುತ್ತದೆ, ಎಷ್ಟು ಒತ್ತಿದರೂ ಸ್ವರ ಎಫ್ ಶಾರ್ಪ್ ಮುಟ್ಟುವುದಿಲ್ಲ. ನಟ್ ತಿರುಗಿಸಿ ತಿರುಗಿಸಿ ಸುಸ್ತಾಗುವ ಮೊದಲು ಆ ತೋಳಿನ ಮೇಲೆ ಕಣ್ಣಿಟ್ಟು ಪೆಡಲ್ ಒತ್ತಿ ನೋಡಿ. ಅಲುಗಿದರೆ ಸ್ಪ್ರಿಂಗ್ ಬಿಗಿಮಾಡಿ, ತೀರಾ ಬಿಗಿ ಮಾಡಬೇಡಿ, ಲಿವರ್ ಭಾರವಾಗುತ್ತದೆ.

ಎರಡನೆಯದು ಸಡಿಲು ಇಲ್ಲದ ರಾಡ್. ಏನೂ ಒತ್ತದಿರುವಾಗ ನೈಲಾನ್ ನಟ್‌ಗೂ ಚೇಂಜರ್‌ಗೂ ನಡುವೆ ಒಂದಿಷ್ಟು ಸಡಿಲು ಇರಲೇಬೇಕು. ಇಲ್ಲದಿದ್ದರೆ ನಟ್ಟೇ ಫಿಂಗರನ್ನು ಎಳೆದು ಹಿಡಿದಿರುತ್ತದೆ. ಟ್ಯೂನರ್ ಹಚ್ಚಿ, ಖಾಲಿ ತಂತಿ ಮೀಟಿ, ನಟ್ಟನ್ನು ಒಂದು ಸುತ್ತು ಸಡಿಲಿಸಿ. ಮುಳ್ಳು ಕದಲಿದರೆ ತಪ್ಪು ಅಲ್ಲೇ ಇತ್ತು.

ಮೂರನೆಯದು ಎರಡು ತಂತಿ ಒಟ್ಟಿಗೆ ತಲಪದಿರುವುದು. ನಾಲ್ಕನೆಯದು .014 ಇಂಚು ದಪ್ಪದ ಸಾದಾ ತಂತಿ, ಎಂಟನೆಯದು ಸುತ್ತು ಹಾಕಿದ .030. ಒಂದೇ ಅರ್ಧ ಸ್ವರಕ್ಕೆ ಎರಡಕ್ಕೂ ಬೇಕಾದ ಎಳೆತ ಬೇರೆ. ಅದಕ್ಕೇ ಬೆಲ್‌ಕ್ರ್ಯಾಂಕಿನಲ್ಲಿ ಹಲವು ರಂಧ್ರಗಳಿರುವುದು. ಶಾಫ್ಟಿನಿಂದ ದೂರದ ರಂಧ್ರಕ್ಕೆ ರಾಡ್ ಹಾಕಿದರೆ ಎಳೆತ ಹೆಚ್ಚು, ಸ್ವರ ಬೇಗ ತಲಪುತ್ತದೆ, ಒತ್ತಲು ಬಲವೂ ಹೆಚ್ಚು ಬೇಕು. ಹತ್ತಿರದ್ದಕ್ಕೆ ಹಾಕಿದರೆ ಹಗುರ, ಆದರೆ ದಾರಿ ಉದ್ದ. ಹೀಗೆ ರಂಧ್ರ ಹೊಂದಿಸಿ, ಲಿವರಿನ ತಡೆ ಸ್ಕ್ರೂ ಕೂರಿಸಿ, ಕೊನೆಗೆ ನಟ್‌ಗೆ ಬನ್ನಿ. ತಿರುಗುಮುರುಗು ಮಾಡಿದರೆ ಅರ್ಧ ದಿನ ಹೋಗುತ್ತದೆ.

ಮೂರನೇ ತಂತಿ, .011ರ ಜಿ ಶಾರ್ಪ್, ಪದೇಪದೇ ತುಂಡಾಗುತ್ತದೆ. 24 ಇಂಚಿನ ಉದ್ದದಲ್ಲಿ ಅದು ಮೊದಲೇ ಬಿಗಿಯ ಅಂಚಿನಲ್ಲಿದೆ, ಬಿ ಪೆಡಲ್ ಅದನ್ನು ಇನ್ನೂ ಏರಿಸುತ್ತದೆ. ಹೆಚ್ಚಾಗಿ ತುಂಡಾಗುವುದು ಫಿಂಗರಿನ ತಲೆಯ ಮೇಲೆ ಬಾಗುವಲ್ಲಿ. ಅಲ್ಲಿ ಸವೆದ ಗೀರು ಇದ್ದರೆ ನುಣುಪು ಮಾಡಿಸಿ.

ಶ್ರುತಿ ಮಾಡುವ ಕ್ರಮ: ಮೊದಲು ಖಾಲಿ ತಂತಿಗಳು, ಆಮೇಲೆ ಪೆಡಲ್‌ಗಳ ಏರಿಕೆ, ಆಮೇಲೆ ಲಿವರ್‌ಗಳು. ಎ, ಬಿ ಎರಡೂ ಒತ್ತಿ ನಾಲ್ಕನೇ ತಂತಿಯನ್ನು ಟ್ಯೂನರಿನಲ್ಲಿ ನೋಡಿ, ಕೆಲವು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು) ಕೆಳಗಿಳಿದಿರುತ್ತದೆ. ಒತ್ತುವ ಬಲಕ್ಕೆ ವಾದ್ಯದ ಮೈಯೇ ತುಸು ಬಾಗುವುದರಿಂದ ಹೀಗಾಗುತ್ತದೆ. ಹಳೆಯ ವಾದ್ಯ ಕೊಳ್ಳುವಾಗ ಈ ಪರೀಕ್ಷೆ ಬಿಡಬೇಡಿ.

ಎಫ್ ಲಿವರನ್ನು ಟ್ಯೂನರಿನ ನಡುಮುಳ್ಳಿಗೆ ಕೂರಿಸುವವರು ಬಹಳ. ಅದು ಎ ಪೆಡಲ್ ಜೊತೆ ಹುಳಿಯಾಗಿ ಕೇಳುತ್ತದೆ. ಗಣಿತ ನೋಡಿ: ಇ-ಯನ್ನು ನಡುಮುಳ್ಳಿಗೆ ಇಟ್ಟರೆ, ಕಿವಿಗೆ ಹಿತವಾಗುವ ಸಿ ಶಾರ್ಪ್‌ನ ಕಂಪನ ಅದರ 5/3 ಪಟ್ಟು, ಅಂದರೆ ಟ್ಯೂನರಿಗಿಂತ ಸುಮಾರು 15.6 ಸೆಂಟ್ ಕೆಳಗೆ. ಎಫ್ ಆ ಸಿ ಶಾರ್ಪ್‌ನ ಅಂತರ ಗಾಂಧಾರ, ಅದಕ್ಕೆ 5/4ರಲ್ಲಿರಬೇಕು. ಅಲ್ಲಿ ಇನ್ನೂ 13.7 ಸೆಂಟ್ ಇಳಿಯುತ್ತದೆ. ಒಟ್ಟು ಸುಮಾರು 29 ಸೆಂಟ್ ಕೆಳಗೆ. ಟ್ಯೂನರ್ ಅದನ್ನು ತಪ್ಪು ಎಂದು ತೋರಿಸುತ್ತದೆ, ನೀವು ಎ ಪೆಡಲ್ ಒತ್ತಿ, ಐದು, ಆರು, ಎಂಟನೇ ತಂತಿ ಒಟ್ಟಿಗೆ ಮೀಟಿ, ಸ್ವರಗಳು ಕೂಡದಾಗ ಕೇಳುವ ನಾದದ ಅಲೆಗಳು ನಿಲ್ಲುವವರೆಗೆ ಎಂಟನೇ ತಂತಿಯ ನಟ್ ತಿರುಗಿಸಿ. ಆಮೇಲೆ ನಾಲ್ಕನೆಯದನ್ನು ಎಂಟನೆಯದಕ್ಕೆ ಅಷ್ಟಕದಲ್ಲಿ ಕೂಡಿಸಿ.